ಕಾಯುವವರ ಬಳಿ ಕುಳಿತುಕೊಳ್ಳೋಣ

ರೋಗವು ದೇಹಕ್ಕೆ ಬಂದರೂ ಅದರ ಭಾರವನ್ನು ಮನಸ್ಸೂ ಹೊರಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಕ್ಯಾನ್ಸರ್ ರೋಗಿಯ ವಿಷಯದಲ್ಲಿ ಇದನ್ನು ನಾವು ಮರೆಯುತ್ತೇವೆ. ಗಡ್ಡೆಯ ಚಿಕಿತ್ಸೆಗೆ ದಾರಿ ಹುಡುಕುತ್ತೇವೆ, ಹಣ ಹೊಂದಿಸುತ್ತೇವೆ. ಅಂಜಿಕೆಗೂ ನಿದ್ರೆಯಿಲ್ಲದ ರಾತ್ರಿಗಳಿಗೂ ಚಿಕಿತ್ಸೆಯುಂಟೆಂಬುದು ನಮಗೆ ಹೊಳೆಯುವುದೇ ಇಲ್ಲ.

ಮರಳವಾಡಿಯ ಕಡೆಯ ನಮಗೆ ಕ್ಯಾನ್ಸರ್ ಎಂದೊಡನೆ ನೆನಪಾಗುವುದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. 1973ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ನೆರೆಯಲ್ಲಿಯೇ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ದೇಹದ ಆಸ್ಪತ್ರೆಯೂ ಮನಸ್ಸಿನ ಆಸ್ಪತ್ರೆಯೂ ಅಕ್ಕಪಕ್ಕದಲ್ಲಿರುವುದು ಸುಯೋಗವೇ ಸರಿ. ಆದರೆ ಹಾರೋಹಳ್ಳಿಯ ಮೇಲೆ ಬಸ್ಸು ಹಿಡಿದು ಹೋಗಿ, ಸಾಲಿನಲ್ಲಿ ನಿಂತು, ಸಂಜೆ ದಣಿದು ಮರಳುವ ರೋಗಿಗೆ ಆ ನೆರೆಯೂ ದೂರವೇ. ನಾಡಿನ ಮೂಲೆಮೂಲೆಯಿಂದ ಜನ ಬರುವ ಕಡೆ ಮನಶ್ಶಾಸ್ತ್ರಜ್ಞರ ಸಮಯ ಎಲ್ಲರಿಗೂ ಒಡನೆಯೇ ದೊರೆಯಲಾರದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಇಂಥ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಸಾರಿದೆ. ಹಕ್ಕು ಕೈಗೆ ಬರುವ ತನಕ ರೋಗಿಯು ಯಾರನ್ನು ನೆಚ್ಚಿ ಕಾಯಬೇಕು?

ಈಗ ನಾವು ಮಾಡುವುದೇನು? ಹಣ್ಣು ಕೊಂಡುಹೋಗಿ, "ಧೈರ್ಯವಾಗಿರು, ಏನೂ ಆಗುವುದಿಲ್ಲ" ಎಂದು ಹೇಳಿ ಎದ್ದುಬರುತ್ತೇವೆ. ಮಾತು ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ರೋಗಿಯು ತನ್ನ ಭಯವನ್ನು ನುಂಗಿಕೊಳ್ಳಬೇಕಾಗುತ್ತದೆ. ಕೆಲವು ಮನೆಗಳಲ್ಲಿ ರೋಗದ ಹೆಸರನ್ನೇ ಮುಚ್ಚಿಡುವರು. ಇನ್ನು ಕೆಲವೆಡೆ ತಟ್ಟೆ ಲೋಟಗಳನ್ನು ಬೇರೆ ಮಾಡುವರು. ಜೊತೆಯಲ್ಲಿ ಕುಳಿತು ಉಂಡರೆ ಕ್ಯಾನ್ಸರ್ ಹರಡದು. ಬೇರೆ ತಟ್ಟೆಯಿಂದ ಮನಸ್ಸಿಗೆ ಆಗುವ ಗಾಯ ಮಾತ್ರ ನಿಜವಾದದ್ದು.

ಮಿತ್ರರೆ, ನಮ್ಮಲ್ಲಿ ಹಲವರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ನಾನೂ ಅಂಥವರಲ್ಲಿ ಸೇರಿದ್ದೇನೆ. ಆಸ್ಪತ್ರೆಯ ಚೀಟಿ ಊರಿಗೆ ಬಂದಾಗ ಓದಿ ಹೇಳೆಂದು ಹಿರಿಯರು ಕರೆಯುವುದು ನಮ್ಮನ್ನೇ. ಓದಿ ಹೇಳಿದ ಮೇಲೆ ಇನ್ನರ್ಧ ಗಂಟೆ ಅಲ್ಲಿಯೇ ಕುಳಿತರೆ ನಮಗಾಗುವ ನಷ್ಟವೇನು? ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ರೋಗಿಯ ಬಾಯಿಂದ ಕೇಳಿ ಬರೆದುಕೊಡಬಹುದು. ಮುಂದಿನ ತಾರೀಖಿಗೆ ಜೊತೆಯಲ್ಲಿ ಹೋಗಬಹುದು. ಮುಂದೇನೆಂದು ತಿಳಿಯದಿರುವುದೇ ಎಷ್ಟೋ ಭಯಗಳ ಬೇರು.

ವೈದ್ಯರು ಬಳಸುವ ಸರಳ ಕ್ರಮವೊಂದುಂಟು. ಜ್ವರಮಾಪಕದ ಹಾಗೆ 0ಯಿಂದ 10ರವರೆಗಿನ ಗುರುತುಗಳನ್ನು ತೋರಿಸಿ, "ಈ ವಾರ ನಿಮ್ಮ ಸಂಕಟ ಎಷ್ಟರಲ್ಲಿದೆ?" ಎಂದು ಕೇಳುತ್ತಾರೆ. ಉತ್ತರ 4 ಅಥವಾ ಅದಕ್ಕಿಂತ ಹೆಚ್ಚಾದರೆ ಮತ್ತಷ್ಟು ವಿಚಾರಿಸಬೇಕೆಂದು ನಿಯಮ. ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಿ, ಉತ್ತರವನ್ನು ವೈದ್ಯರಿಗೆ ತಿಳಿಸುವುದು ನಮ್ಮಿಂದ ಆಗದ ಕೆಲಸವಲ್ಲ.

ಆದರೆ ಎಲ್ಲೆಯೂ ಇರಬೇಕು. ನಾವು ಚಿಕಿತ್ಸಕರಲ್ಲ. ಬದುಕು ಸಾಕೆಂಬ ಮಾತು ರೋಗಿಯಿಂದ ಬಂದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನೆರೆಯವರು ನೆರವಾಗುವರೆಂದು ಸರ್ಕಾರವು ಮನಶ್ಶಾಸ್ತ್ರಜ್ಞರ ನೇಮಕವನ್ನು ಮುಂದೂಡುವುದೂ ನ್ಯಾಯವಲ್ಲ.

ನಮ್ಮ ರಾಷ್ಟ್ರೀಯ ಸೇವಾ ಯೋಜನೆಯವರು ಶಿಬಿರಗಳಲ್ಲಿ ರಸ್ತೆ ಗುಡಿಸಿ ಗಿಡ ನೆಡುತ್ತಾರೆ, ಅದು ಸ್ತುತ್ಯವೇ. ಅದರೊಡನೆ, ಒಪ್ಪಿದ ರೋಗಿಗಳ ಜೊತೆ ಸರದಿಯಂತೆ ಆಸ್ಪತ್ರೆಗೆ ಹೋಗಿಬರುವ ಕೆಲಸವನ್ನೂ ಅವರು ಕೈಕೊಳ್ಳಲಿ. ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡಲೆಂದು ವಿನಯದಿಂದ ಕೋರುತ್ತೇನೆ. ಪದವಿಯ ಬೆಲೆ ಊರಿಗೆ ತಿಳಿಯಬೇಕಾದರೆ ಇಂಥ ಕೆಲಸದಿಂದಲೇ ತಿಳಿಯಬೇಕು.