ಮೆಜೆಸ್ಟಿಕ್‌ನಲ್ಲಿ ಮೆಜೆಸ್ಟಿಕ್ ಇಲ್ಲ

ಹೋದ ತಿಂಗಳು ಅಕ್ಕನ ಮಗಳನ್ನು ಕೂರಿಸಿಕೊಂಡು ಗಾಂಧಿ ಬಜಾರಿನಿಂದ ಮೆಜೆಸ್ಟಿಕ್ಕಿಗೆ ಆಟೋದಲ್ಲಿ ಹೊರಟಿದ್ದೆ. ಹುಡುಗಿಗೆ ಹನ್ನೊಂದು ವರ್ಷ. ಬೆಳೆಯುತ್ತಿರುವುದು ಪುಣೆಯಲ್ಲಿ, ಬೆಂಗಳೂರು ಅವಳಿಗೆ ರಜೆಯ ಊರು. ಮಿನರ್ವ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನಿಂತೆವು. ಮುಂದೆ ನಾಲ್ಕು ಆಟೋ. ಅದರಲ್ಲಿ ಎರಡರ ಬೆನ್ನಿಗೆ ಒಂದೇ ಮುಖದ ಸ್ಟಿಕ್ಕರ್.

“ಮಾಮ, ಯಾರಿದು? ಎಲ್ಲಾ ಆಟೋದಲ್ಲೂ ಇವರದೇ ಫೋಟೋ ಯಾಕೆ?”

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಫೋನನ್ನು ಕೇಳಿ ಆಗಿತ್ತು. ದೀಪ ಹಸಿರಾಗುವ ಮೊದಲೇ ಉತ್ತರ ಬಂತು. ಶಂಕರ್‌ನಾಗ್, ನಟ, ನಿರ್ದೇಶಕ. 1980ರ ‘ಆಟೋ ರಾಜ’ ಚಿತ್ರದಲ್ಲಿ ಆಟೋ ಚಾಲಕನಾಗಿದ್ದರು, ಅದಕ್ಕೆ. ಹುಡುಗಿಗೆ ಸಮಾಧಾನವಾಯಿತು. ಫೋನು ಮಡಿಲಿಗೆ ಬಿತ್ತು.

“ಆಟೋ ರಾಜ ನಾನು ನೋಡೇ ಇಲ್ಲ ಪುಟ್ಟಾ,” ಎಂದ ಡ್ರೈವರ್, ಕನ್ನಡಿಯಲ್ಲಿ ಅವಳನ್ನು ನೋಡುತ್ತ. ಮೂವತ್ತರ ಆಸುಪಾಸಿನ ಹುಡುಗ. “ಶಂಕ್ರಣ್ಣ ಹೋದಾಗ ನಾನಿನ್ನೂ ಹುಟ್ಟಿರ್ಲಿಲ್ಲ. ನಮ್ಮಪ್ಪನ ಗಾಡೀಲಿ ಈ ಫೋಟೋ ಇತ್ತು. ಗಾಡಿ ನಂಗೆ ಬಂತು, ಫೋಟೋನೂ ಬಂತು.”

ಫೋನು ಹೇಳಿದ್ದು ಸುಳ್ಳಲ್ಲ. ಆದರೆ ತೆರೆಯ ಮೇಲೆ ಆಟೋ ಓಡಿಸಿದವರು ಶಂಕರ್‌ನಾಗ್ ಒಬ್ಬರೇ ಅಲ್ಲವಲ್ಲ! 1995ರ ‘ಬಾಷಾ’ದಲ್ಲಿ ರಜನಿಕಾಂತ್ ಓಡಿಸಿದರು. 2005ರಲ್ಲಿ ಉಪೇಂದ್ರರ ಚಿತ್ರದ ಹೆಸರೇ ‘ಆಟೋ ಶಂಕರ್’. ಖಾಕಿ ಅಂಗಿ ತೊಟ್ಟ ಹೀರೋಗಳೆಲ್ಲ ಅಪ್ಪನ ಗಾಡಿಯಿಂದ ಮಗನ ಗಾಡಿಗೆ ದಾಟಿ ಬಂದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾದಾಗ ಶಂಕರ್‌ನಾಗ್‌ಗೆ 35 ವರ್ಷ. ಆ ಮುಖಕ್ಕೆ ಅಲ್ಲಿಂದೀಚೆ ವಯಸ್ಸಾಗಲಿಲ್ಲ. ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು ಯಾರೂ ಕಿವಿಗೊಡದ ಕಾಲದಲ್ಲೇ ಹೇಳುತ್ತಿದ್ದವರು ಅವರು. ಆ ರೈಲು ಕೊನೆಗೂ ಓಡಿದ್ದು 2011ರಲ್ಲಿ. ಆಟೋದವರ ಬಾಡಿಗೆಗೆ ಕುತ್ತು ತರುವ ರೈಲಿನ ಕನಸು ಕಂಡವರ ಫೋಟೋವನ್ನು ಆಟೋದವರೇ ಬೆನ್ನಿಗೆ ಅಂಟಿಸಿಕೊಂಡು ತಿರುಗುತ್ತಿದ್ದಾರೆ. ಇದೆಲ್ಲ ಸೇರಿದರೆ ಹುಡುಗಿಯ ಪ್ರಶ್ನೆಗೆ ಉತ್ತರದ ಹತ್ತಿರ ಬಂದೇವು.

ಫೋನು ಬಂದು ಮಕ್ಕಳ ಕುತೂಹಲ ಕೆಟ್ಟಿತು ಎಂದು ಗೊಣಗುವ ಅಂಕಣ ಇದಲ್ಲ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಬಿದ್ದುಕೊಂಡು ಯಾವ ಹಾಡು ಯಾವ ಸಿನಿಮಾದ್ದು ಎಂದು ಹುಡುಕುವವರಲ್ಲಿ ನಾನೂ ಒಬ್ಬ. ನಮ್ಮ ಕಾಲದಲ್ಲಾದರೂ ಏನಿತ್ತು? ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟ ಇಟ್ಟುಕೊಂಡ ಮನೆ ಬೀದಿಗೊಂದು ಇದ್ದರೆ ಹೆಚ್ಚು. ಉಳಿದವರು ‘ಸುಧಾ’ ವಾರಪತ್ರಿಕೆಯ ಪ್ರಶ್ನೋತ್ತರಕ್ಕೆ ಬೀಚಿಯವರಿಗೆ ಕಾರ್ಡು ಗೀಚಬೇಕು. ಅಲ್ಲಿಂದ ಬರುತ್ತಿದ್ದುದು ಬಹಳ ಸಲ ಒಂದು ಚಾಟಿ ಏಟು. ನಗು ಬರುತ್ತಿತ್ತು, ಪ್ರಶ್ನೆ ಇದ್ದಲ್ಲೇ ಇರುತ್ತಿತ್ತು. ಮನೆಯ ಹಿರಿಯರೋ, ಗೊತ್ತಿಲ್ಲ ಎನ್ನುವ ಪದವನ್ನೇ ಕಲಿತವರಲ್ಲ.

ನನ್ನ ತಕರಾರು ಬೇರೆ. ಕೆಲವು ಉತ್ತರಗಳು ತೀರ ಚೆಂದ ಇರುತ್ತವಲ್ಲ, ತುಪ್ಪದಲ್ಲಿ ಕಟ್ಟಿದ ಉಂಡೆಯ ಹಾಗೆ ಗುಂಡಗೆ, ಎಲ್ಲೂ ಒಂದು ಬಿರುಕಿಲ್ಲದೆ, ಅವುಗಳ ಮೇಲೆ ನನಗೆ ಅನುಮಾನ. ಊರಿನ ಬಗ್ಗೆ, ಸಿನಿಮಾದ ಬಗ್ಗೆ ನಾವು ಪ್ರೀತಿಯಿಂದ ಹೇಳಿಕೊಳ್ಳುವ ಉತ್ತರಗಳಲ್ಲಿ ಇಂಥವೇ ಹೆಚ್ಚು. ಮೊದಲು ಅಜ್ಜ ಹೇಳುತ್ತಿದ್ದರು, ಆಮೇಲೆ ವಾಟ್ಸ್ಆ್ಯಪ್ ಹೇಳಿತು. ಈಗಿನ ಎಐ ಇನ್ನೂ ಸಲೀಸು: ಹತ್ತು ಕಡೆ ಬರೆದಿದ್ದನ್ನು ಹನ್ನೊಂದನೆಯ ಸಲ ಒಪ್ಪವಾಗಿ ಹೇಳಿಬಿಡುತ್ತದೆ.

ಶಂಕರ್‌ನಾಗ್ ಮಾತು ಬಂದಮೇಲೆ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಬರದೆ ಇರುತ್ತದೆಯೇ? ಆ ಧಾರಾವಾಹಿಯ ಶೀರ್ಷಿಕೆ ಸಂಗೀತ ಪುಣೆಯ ಹುಡುಗಿಗೂ ಗೊತ್ತು. ಮಾಲ್ಗುಡಿ ಎನ್ನುವ ಹೆಸರು ಎಲ್ಲಿಂದ ಬಂತು ಎಂದು ಯಾರನ್ನೇ ಕೇಳಿ: ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ, ಎರಡೂ ಸೇರಿ ಮಾಲ್ಗುಡಿ. ಎಷ್ಟು ಸೊಗಸು! ಬೆಂಗಳೂರಿನ ಉತ್ತರ ದಕ್ಷಿಣ ಎರಡಕ್ಕೂ ಪಾಲು. ನಾನೇ ಇದನ್ನು ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಹಂಚಿದ್ದೇನೆ. ಕೊನೆಗೊಂದು ದಿನ ಮಾಲ್ಗುಡಿಯ ಕಥೆಗಾರ ಆರ್.ಕೆ. ನಾರಾಯಣರ ಆತ್ಮಕಥೆ ‘ಮೈ ಡೇಸ್’ ಓದಿದೆ. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಒಂದು ನೋಟ್‌ಬುಕ್ ಕೊಂಡು, ಏನು ಬರೆಯುವುದೆಂದು ಪೆನ್ನು ಕಚ್ಚುತ್ತ ಕುಳಿತಿದ್ದಾಗ ಪುಟ್ಟ ರೈಲ್ವೆ ಸ್ಟೇಷನ್ನಿನ ಸಮೇತ ಆ ಊರು ಕಣ್ಣ ಮುಂದೆ ತೇಲಿಬಂತು ಎನ್ನುತ್ತಾರೆ ಅವರು. ಹಾಗೆ ಕುಳಿತಿದ್ದು ಬೆಂಗಳೂರಿನಲ್ಲೇ, ನಿಜ. ಆದರೆ ಆ ಮಾತಿನಲ್ಲಿ ಮಲ್ಲೇಶ್ವರವಿಲ್ಲ, ಬಸವನಗುಡಿಯೂ ಇಲ್ಲ. ಎರಡು ಬಡಾವಣೆಗಳನ್ನು ಹೊಲಿದು ಹೆಸರು ಮಾಡಿದ ದರ್ಜಿ ಯಾರೋ ಬೇರೆಯವರು.

ನಿಜವಾಗಿ ನಡೆದದ್ದು ಇದಕ್ಕಿಂತ ವಿಚಿತ್ರ. ಧಾರಾವಾಹಿಗೆ ಊರು ಬೇಕಾದಾಗ ಶಂಕರ್‌ನಾಗ್ ಹೋದದ್ದು ಆಗುಂಬೆಗೆ. ರೈಲು ನಿಲ್ದಾಣ ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ. ಆ ಹಳೆಯ ನಿಲ್ದಾಣದ ಕಟ್ಟಡ ಈಗ ‘ಮಾಲ್ಗುಡಿ ಮ್ಯೂಸಿಯಂ’. ನಾರಾಯಣರ ಕಣ್ಣಿಗೆ ಮೊದಲು ಕಂಡದ್ದು ಸ್ಟೇಷನ್ನು. ಕೊನೆಗೆ ನೆಲದ ಮೇಲೆ ಮಾಲ್ಗುಡಿ ಎಂಬ ಫಲಕ ಹೊತ್ತು ನಿಂತದ್ದೂ ಒಂದು ಸ್ಟೇಷನ್ನೇ.

ಬೆಂದಕಾಳೂರಿನ ಕಥೆ ಎಲ್ಲರಿಗೂ ಗೊತ್ತು. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂಗಳೂರಾಯಿತು. ಆ ದೊರೆ ಆಳಿದ್ದು ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯದರ ಮೊದಲಲ್ಲಿ. ಹೊಸೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲಿದೆ. ಗಂಗರ ಕಾಲದ್ದು, ಕ್ರಿ.ಶ. 900ರ ಸುಮಾರಿನದು. ಅದರಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಎಂದರೆ ಮುದುಕಿ ಕಾಳು ಬೇಯಿಸುವುದಕ್ಕೆ ಹತ್ತಿರಹತ್ತಿರ ಮುನ್ನೂರು ವರ್ಷ ಮೊದಲೇ ಬೆಂಗಳೂರಿಗೆ ಹೆಸರಿತ್ತು, ಆ ಹೆಸರಿನ ಜಾಗದಲ್ಲಿ ಜನ ಹೊಡೆದಾಡಿ ಸತ್ತೂ ಇದ್ದರು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತಿವೆ. ಊರಿನ ಹೆಸರು ಕೆತ್ತಿದ ಆ ಕಲ್ಲನ್ನು ನೋಡಲು ಬಸ್ ಹತ್ತಿ ಹೋದವರು ನಮ್ಮಲ್ಲಿ ಎಷ್ಟು ಮಂದಿ? ಕಾಳಿನ ಕಥೆಗೆ ಬಸ್ ಚಾರ್ಜು ಬೇಕಿಲ್ಲ.

ಇನ್ನೊಂದು ನಮ್ಮ ಹಳೆಯ ಕಾಯಿಲೆ, ‘ಏಷ್ಯಾದಲ್ಲೇ ಮೊದಲು’ ಎನ್ನುವುದು. 1905ರ ಆಗಸ್ಟ್ 5ರಂದು ಈಗಿನ ಕೆ.ಆರ್. ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪ ಹೊತ್ತಿತು. ಏಷ್ಯಾದಲ್ಲೇ ಮೊದಲು ಎಂದು ಪ್ರತಿ ಆಗಸ್ಟಿನಲ್ಲಿ ಫೋನು ತುಂಬ ಹರಿದಾಡುತ್ತದೆ. ಶಾಂಘೈ ಮತ್ತು ಟೋಕಿಯೊ ಬೀದಿಗಳಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿದ್ದವು. ಅಷ್ಟು ದೂರ ಯಾಕೆ, ನಮ್ಮ ದೇಶದ ಡಾರ್ಜಿಲಿಂಗ್‌ನ ಬೀದಿಗಳಿಗೆ ಸಿದ್ರಾಪಾಂಗ್ ಜಲವಿದ್ಯುತ್ ಸ್ಥಾವರದಿಂದ 1897ರಲ್ಲಿ ಬೆಳಕು ಬಂದಿತ್ತು. ಹೀಗೆಂದರೆ ಕೆಲವರಿಗೆ ಮುಖ ಸಪ್ಪಗಾಗುತ್ತದೆ. ನಾನೇನೋ ಊರಿನ ಒಡವೆ ಕದ್ದವನ ಹಾಗೆ ನೋಡುತ್ತಾರೆ. ಪದಕ ಹೋದರೆ ಹೋಗಲಿ, ಅದರ ಹಿಂದೆ ಇರುವ ಸಂಗತಿಯನ್ನಾದರೂ ನೋಡಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೊರಟಿದ್ದು ಬೆಂಗಳೂರಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಸುಮಾರು 147 ಕಿ.ಮೀ. ತಂತಿ ಎಳೆದರು. ಗಣಿಯ ಯಂತ್ರಗಳು ಉಂಡ ಮೂರು ವರ್ಷದ ಮೇಲೆ ನಮ್ಮ ಬೀದಿಗೆ ಎಲೆ ಹಾಕಿದರು. ರಾಜಧಾನಿಗೂ ಮೊದಲು ಗಣಿ: ಆ ಕಾಲದ ಸರ್ಕಾರ ಯಾರ ಮುಖ ನೋಡಿ ತಂತಿ ಎಳೆಯಿತೆಂದು ಇದೊಂದೇ ಹೇಳಿಬಿಡುತ್ತದೆ.

ಕೆಲವು ಸಲ ಉತ್ತರ ಸರಿಯಾಗಿಯೇ ಇದ್ದು ಪ್ರಶ್ನೆ ಸೊಟ್ಟ ಇರುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ ಯಾವುದು? ‘ಸತಿ ಸುಲೋಚನ’, ಬಿಡುಗಡೆ 1934ರ ಮಾರ್ಚ್ 3, ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಸರಿ. ಆದರೆ ಚಿತ್ರೀಕರಣ ಮೊದಲು ಶುರುವಾದದ್ದು ‘ಭಕ್ತ ಧ್ರುವ’ದ್ದು. ಮೊದಲು ಹೊತ್ತವಳು ಒಬ್ಬಳು, ಮೊದಲು ಹೆತ್ತವಳು ಇನ್ನೊಬ್ಬಳು. ರಾಜ್‌ಕುಮಾರ್ ಮೊದಲು ಹಾಡಿದ್ದು ಯಾವ ಚಿತ್ರಕ್ಕೆ ಎಂದರೆ ಎಲ್ಲರ ಬಾಯಲ್ಲೂ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆಯ ಹಾಡೇ ಬರುತ್ತದೆ. ಅದಕ್ಕೂ ಮೊದಲು 1956ರ ‘ಓಹಿಲೇಶ್ವರ’ದಲ್ಲಿ ಹಾಡಿದ್ದರು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆಗೂ ಹಾಡಿದ್ದರು. 1974ರಲ್ಲಿ ಆಗಿದ್ದೇನೆಂದರೆ, ಆಮೇಲೆ ತಮ್ಮ ಪಾತ್ರಕ್ಕೆ ತಾವೇ ಹಾಡುವುದು ರೂಢಿಯಾಯಿತು. ರಂಗಭೂಮಿಯಲ್ಲಿ ಹಾಡಿಯೇ ಬೆಳೆದ ಮನುಷ್ಯನ ದನಿಯನ್ನು ಸಿನಿಮಾ ಅಷ್ಟು ವರ್ಷ ಯಾಕೆ ಪಕ್ಕಕ್ಕಿಟ್ಟಿತ್ತು? ಕೇಳಬೇಕಾದ ಪ್ರಶ್ನೆ ಇದು. ‘ಮೊದಲು ಯಾವುದು’ ಎನ್ನುವ ಪ್ರಶ್ನೆಗೆ ಕ್ವಿಜ್‌ನಲ್ಲಿ ಹತ್ತು ಅಂಕ ಸಿಗುತ್ತದೆ, ಅಷ್ಟೆ.

ಅಷ್ಟರಲ್ಲಿ ಆಟೋ ಜೆ.ಸಿ. ರಸ್ತೆ ದಾಟಿ ಕೆ.ಜಿ. ರಸ್ತೆಗೆ ಬಂದಿತ್ತು. ‘ಮಿನರ್ವ ಸರ್ಕಲ್ ಅಂದ್ರಲ್ಲ, ಮಿನರ್ವ ಯಾರು?’ ಎಂದು ಹುಡುಗಿ ಹಿಂದಕ್ಕೆ ಜಗ್ಗಿದಳು. ಯಾರೂ ಅಲ್ಲ, ಒಂದು ಟಾಕೀಸು ಎಂದೆ. ‘ಮೆಜೆಸ್ಟಿಕ್?’ ಅದೂ ಟಾಕೀಸು. ‘ನವರಂಗ್?’ ಅದೂನೂ. ಡ್ರೈವರ್ ನಕ್ಕ. “ಕಾವೇರಿ ಟಾಕೀಸ್ ಮುಚ್ಚಿ ಎಷ್ಟ್ ದಿನ ಆಯ್ತು, ಇವತ್ತಿಗೂ ಜನ ಕಾವೇರಿ ಟಾಕೀಸ್ ಹತ್ರ ನಿಲ್ಸಿ ಅಂತಾರೆ.”

“ಸಿಲ್ಕ್ ಬೋರ್ಡ್ ಅಂದ್ರೆ ನಂಗೊತ್ತು,” ಎಂದಳು ಹುಡುಗಿ. “ಟ್ರಾಫಿಕ್ ಜಾಮ್!” ಮೀಮುಗಳ ದಯೆ. ಅದು ಕೇಂದ್ರ ರೇಷ್ಮೆ ಮಂಡಳಿ, 1948ರ ಕಾಯ್ದೆಯ ಪ್ರಕಾರ ಹುಟ್ಟಿದ ಸಂಸ್ಥೆ, ಅಲ್ಲಿ ನಿಜಕ್ಕೂ ರೇಷ್ಮೆಯ ಕೆಲಸ ನಡೆಯುತ್ತದೆ ಎಂದರೆ ನಂಬಲಿಲ್ಲ. ಫೋನು ತೆಗೆದು ಖಚಿತ ಮಾಡಿಕೊಂಡಳು. ಮಾಮನಿಗಿಂತ ಫೋನಿನ ಮೇಲೆ ಅವಳಿಗೆ ನಂಬಿಕೆ. ಬೆಂದಕಾಳು ಹಂಚಿದ ಮಾಮಂದಿರ ವಂಶದಲ್ಲಿ ಹುಟ್ಟಿದವಳಿಗೆ ಅದು ಒಳ್ಳೆಯದೇ.

ಮೆಜೆಸ್ಟಿಕ್‌ನಲ್ಲಿ ಇಳಿದೆವು. ಸುತ್ತ ನೋಡಿದಳು. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು, ಮೆಟ್ರೋಗೂ ಕೆಂಪೇಗೌಡರದು, ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನದು. “ಮೆಜೆಸ್ಟಿಕ್ ಎಲ್ಲಿದೆ ಮಾಮ?”

ಇಲ್ಲ. ಟಾಕೀಸು ಕೆಡವಿ ಯಾವುದೋ ಕಾಲ. ಅದಕ್ಕೂ ಮೊದಲು ಬಸ್ಸುಗಳು ನಿಂತಿರುವ ಈ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಅತ್ತ ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇದ್ದ ಹಾಗೆ. ಕೆರೆಯ ಹೆಸರು ಹೋಯಿತು. ಸರ್ಕಾರ ಇಟ್ಟ ಹೆಸರುಗಳು ಫಲಕದಲ್ಲಿವೆ. ಕಂಡಕ್ಟರ್‌ಗಳ ಬಾಯಲ್ಲಿ ಉಳಿದದ್ದು ಒಂದು ಸಿನಿಮಾ ಮಂದಿರ. 2002ರಲ್ಲಿ ದರ್ಶನ್ ನಾಯಕನಾದ ಮೊದಲ ಚಿತ್ರಕ್ಕೆ ‘ಮೆಜೆಸ್ಟಿಕ್’ ಎಂದೇ ಹೆಸರಿಟ್ಟರು. ಸಿನಿಮಾ ಮಂದಿರದಿಂದ ಊರಿಗೆ, ಊರಿನಿಂದ ಮತ್ತೆ ಸಿನಿಮಾಕ್ಕೆ ಹೋದ ಹೆಸರು ಇದು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹತ್ತಿರದ ಬಸ್ ಸ್ಟಾಪಿಗೆ ಆ ಹೆಸರು ಹೇಗೆ ಬಂತು ಎಂದು ಈ ವಾರ ಯಾರನ್ನಾದರೂ ಕೇಳಿ ಬರೆದು ಕಳಿಸಿ. ಟಿನ್ ಫ್ಯಾಕ್ಟರಿಯವರು, ಮಿನರ್ವದವರು, ಮೈಸೂರು ಹುಬ್ಬಳ್ಳಿಯವರು, ಎಲ್ಲರೂ. ಯಾರು ಹೇಳಿದರು, ಅವರು ಅದನ್ನು ಕಣ್ಣಾರೆ ಕಂಡವರೋ ಇನ್ನೊಬ್ಬರ ಬಾಯಿಂದ ಕೇಳಿದವರೋ ಎನ್ನುವುದನ್ನೂ ಒಂದು ಸಾಲು ಬರೆಯಿರಿ. ಬೆಂದಕಾಳು ಮಾತ್ರ ಬೇಡ, ಹೊಟ್ಟೆ ತುಂಬಿದೆ.