ಆಫೀಸಿನ ಹಳೇ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಗೇಮಿಂಗ್ ಪಿಸಿ ರೆಡಿನಾ?

ಆಫೀಸಿನಲ್ಲಿ ಬಳಸಿ ಬಿಟ್ಟ ಐ7 ಕಂಪ್ಯೂಟರ್ ಕಡಿಮೆ ಬೆಲೆಗೆ ಸಿಗುತ್ತದೆ, ಒಂದು ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದರೆ ಮಕ್ಕಳಿಗೆ ಗೇಮಿಂಗ್ ಪಿಸಿ ಸಿದ್ಧ ಎನ್ನುವ ಮೆಸೇಜ್‌ಗಳನ್ನು, ರೀಲ್ಸ್‌ಗಳನ್ನು ನೀವೂ ನೋಡಿರಬಹುದು. ಇದು ಪೂರ್ತಿ ಸುಳ್ಳಲ್ಲ. ಸರಿಯಾದ ಮಾದರಿ ಆರಿಸಿದರೆ ನಿಜಕ್ಕೂ ದುಡ್ಡು ಉಳಿಯುತ್ತದೆ. ಆದರೆ ಇಂಥ ಮೆಸೇಜ್‌ಗಳು ಪ್ರೊಸೆಸರ್ ಹೆಸರನ್ನು ದೊಡ್ಡದಾಗಿ ಹೇಳುತ್ತವೆ, ಪವರ್ ಸಪ್ಲೈ ಬಗ್ಗೆ ಸುಮ್ಮನಿರುತ್ತವೆ. ದುಡ್ಡು ದಂಡವಾಗುವುದೂ, ಕೆಲವೊಮ್ಮೆ ವೈರ್ ಕರಗುವುದೂ ಅದರಿಂದಲೇ.

ಇಷ್ಟು ಅಗ್ಗಕ್ಕೆ ಸಿಗುವುದು ಹೇಗೆ?

ಕಂಪನಿಗಳು ಕಂಪ್ಯೂಟರ್‌ಗಳನ್ನು ಒಟ್ಟಿಗೆ ಕೊಂಡು, ವಾರಂಟಿ ಮುಗಿದ ಮೇಲೆ ಒಟ್ಟಿಗೆ ಮಾರುತ್ತವೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಶುಚಿ ಮಾಡಿ, ಕೆಲವು ಭಾಗ ಬದಲಿಸಿದ ಈ ಕಂಪ್ಯೂಟರ್‌ಗಳು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆಗಳಿಗೆ, ಆನ್‌ಲೈನ್ ಅಂಗಡಿಗಳಿಗೆ ಬರುತ್ತವೆ. ಹೀಗೆ ಮರುಬಳಕೆಯಾದಷ್ಟೂ ಇ-ತ್ಯಾಜ್ಯ ಕಡಿಮೆ. ಆದ್ದರಿಂದ ಹಳೆಯದು ಎಂಬ ಒಂದೇ ಕಾರಣಕ್ಕೆ ಬೇಡ ಎನ್ನಬೇಕಿಲ್ಲ.

ಇವುಗಳಲ್ಲಿ ಎರಡು ಬಗೆ. ಒಂದು, ಲೆಕ್ಕಪತ್ರ, ಇಮೇಲ್ ಕೆಲಸದ ಸಾಮಾನ್ಯ ಡೆಸ್ಕ್‌ಟಾಪ್. ಇನ್ನೊಂದು, ಎಂಜಿನಿಯರಿಂಗ್ ಡ್ರಾಯಿಂಗ್, ವಿಡಿಯೋ ಎಡಿಟಿಂಗ್‌ನಂಥ ಭಾರದ ಕೆಲಸಕ್ಕಾಗಿ ಮಾಡಿದ ವರ್ಕ್‌ಸ್ಟೇಷನ್. ಹೊರಗಿನಿಂದ ಎರಡೂ ಕಪ್ಪು ಡಬ್ಬಿಗಳೇ. ಒಳಗಿನ ವ್ಯತ್ಯಾಸ ಮಾತ್ರ ದೊಡ್ಡದು.

ನಂಬಿಕೆ 1: ಐ7 ಇದ್ದರೆ ಸಾಕು

ಐ7 ಎಂಬುದು 2008ರಿಂದ ಇರುವ ಹೆಸರು. ಅದು ಯಾವ ತಲೆಮಾರಿನದು ಎಂಬುದು ಮುಖ್ಯ. 2011ರ ಐ7-2600ಕ್ಕೆ 4 ಕೋರ್. 2022ರಲ್ಲಿ ಬಂದ ಐ3-12100ಕ್ಕೂ 4 ಕೋರ್. ಆದರೆ ಆಟಗಳಲ್ಲಿ ಈ ಐ3 ಆ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ವೇಗವಷ್ಟೇ ಸಮಸ್ಯೆಯಲ್ಲ. ಎವಿಎಕ್ಸ್2 ಎಂಬ ಸೌಲಭ್ಯ ಇಂಟೆಲ್ ಕೋರ್ ಪ್ರೊಸೆಸರ್‌ಗಳಿಗೆ ಬಂದದ್ದು 4ನೇ ತಲೆಮಾರಿನಲ್ಲಿ, 2013ರಲ್ಲಿ. ಅದು ಬೇಕೇ ಬೇಕು ಎನ್ನುವ ಹೊಸ ಆಟಗಳು ಅದಕ್ಕಿಂತ ಹಳೆಯ ಐ7ರಲ್ಲಿ ತೆರೆಯುವುದೇ ಇಲ್ಲ.

ತಲೆಮಾರು ತಿಳಿಯುವುದು ಸುಲಭ. ಐ5-8500 ಎಂದಿದ್ದರೆ ಅಡ್ಡಗೆರೆಯ ನಂತರದ 8 ಎಂದರೆ 8ನೇ ತಲೆಮಾರು. ಐದು ಅಂಕಿ ಇದ್ದರೆ ಮೊದಲ ಎರಡು ಅಂಕಿ ನೋಡಿ.

ನಂಬಿಕೆ 2: ಹೆಚ್ಚು ಕೋರ್ ಇದ್ದಷ್ಟೂ ಒಳ್ಳೆಯದು

ವರ್ಕ್‌ಸ್ಟೇಷನ್‌ಗಳಲ್ಲಿ ಝಿಯಾನ್ ಎಂಬ ಪ್ರೊಸೆಸರ್ ಇರುವುದು ಸಾಮಾನ್ಯ. ಝಿಯಾನ್ ಇ5-2680 ವಿ4ಕ್ಕೆ 14 ಕೋರ್, ಆದರೆ ಮೂಲ ವೇಗ 2.4 ಗಿಗಾಹರ್ಟ್ಸ್. ಇ5-1650 ವಿ3ಕ್ಕೆ 6 ಕೋರ್, ಮೂಲ ವೇಗ 3.5 ಗಿಗಾಹರ್ಟ್ಸ್. ಬಹಳಷ್ಟು ಆಟಗಳು ಕೆಲವೇ ಕೋರ್‌ಗಳ ಮೇಲೆ ಭಾರ ಹಾಕುವುದರಿಂದ, ಎರಡನೆಯದೇ ಮಕ್ಕಳ ಆಟಕ್ಕೆ ಹೊಂದುತ್ತದೆ. ಹತ್ತು ಜನ ನಿಧಾನವಾಗಿ ಕೆಲಸ ಮಾಡುವ ಅಡುಗೆಮನೆಗೂ, ಚುರುಕಾದ ನಾಲ್ಕು ಜನ ಇರುವ ಅಡುಗೆಮನೆಗೂ ಇರುವ ವ್ಯತ್ಯಾಸ ಇದು.

ವರ್ಕ್‌ಸ್ಟೇಷನ್ ಜೊತೆಗೇ ಬರುವ ಗ್ರಾಫಿಕ್ಸ್ ಕಾರ್ಡ್ ಬಗ್ಗೆಯೂ ಎಚ್ಚರವಿರಲಿ. ಉದಾಹರಣೆಗೆ, ಎನ್‌ವಿಎಸ್ 310 ಇರುವುದು ಎರಡು ಮಾನಿಟರ್ ಜೋಡಿಸಲು, ಆಟಕ್ಕಲ್ಲ. ಕಾರ್ಡ್ ಇದೆ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಯಾವ ಕಾರ್ಡ್ ಎಂದು ಕೇಳಿ.

ನಂಬಿಕೆ 3: ಯಾವ ಕಾರ್ಡ್ ಬೇಕಾದರೂ ಹಾಕಬಹುದು

ಬಹಳ ಜನ ಎಡವುವುದು ಇಲ್ಲೇ. ಮದರ್‌ಬೋರ್ಡಿನ ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಪವರ್ ಸಪ್ಲೈನಿಂದ ಬೇರೆ ಕೇಬಲ್ ಬರಬೇಕು. ಸಣ್ಣ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಆ ಕೇಬಲ್ ಇರುವುದೇ ಇಲ್ಲ. ಡೆಲ್ ಆಪ್ಟಿಪ್ಲೆಕ್ಸ್ 7050ರ ಸಣ್ಣ ಮಾದರಿಯ ಪವರ್ ಸಪ್ಲೈ ಒಟ್ಟು 180 ವ್ಯಾಟ್‌ನದು. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಅದರಲ್ಲೇ ಪಾಲು. ಆ ಡಬ್ಬಿಯಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ.

ಪವರ್ ಸಪ್ಲೈಯನ್ನೇ ಬದಲಿಸೋಣ ಎಂದರೂ ಕಷ್ಟ. ಇಂಥ ಬ್ರಾಂಡೆಡ್ ಕಂಪ್ಯೂಟರ್‌ಗಳಲ್ಲಿ ಕನೆಕ್ಟರ್, ಅಳತೆ ಎರಡೂ ಬೇರೆ ಇರುವುದು ಮಾಮೂಲು. ಮಾರುಕಟ್ಟೆಯ ಸಾಮಾನ್ಯ ಪವರ್ ಸಪ್ಲೈ ಕೂರುವುದಿಲ್ಲ.

ಆಗ ಕೆಲವರು ಹೇಳುವ ಉಪಾಯ, ಡಿಸ್ಕಿಗೆ ಹೋಗುವ ಸಾಟಾ ಕೇಬಲ್‌ಗೆ ಅಡಾಪ್ಟರ್ ಹಾಕಿ ಕಾರ್ಡಿಗೆ ವಿದ್ಯುತ್ ಕೊಡುವುದು. ಇದು ಅಪಾಯಕಾರಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಸಾಮರ್ಥ್ಯ 4.5 ಆಂಪಿಯರ್, ಅಂದರೆ 54 ವ್ಯಾಟ್. ಕಾರ್ಡಿನ 6 ಪಿನ್ ಕನೆಕ್ಟರ್ ಎಳೆಯಬಹುದಾದದ್ದು 75 ವ್ಯಾಟ್. ಮಗು ಗಂಟೆಗಟ್ಟಲೆ ಆಡುವಾಗ ಕನೆಕ್ಟರ್ ಬಿಸಿಯಾಗಿ ಕರಗಬಹುದು, ಬೆಂಕಿಯೂ ಹೊತ್ತಿಕೊಳ್ಳಬಹುದು. ಯಾರು ಹೇಳಿದರೂ ಇದನ್ನು ಮಾಡಬೇಡಿ.

ಸುರಕ್ಷಿತ ದಾರಿಗಳು ಎರಡು. ಸಣ್ಣ ಡೆಸ್ಕ್‌ಟಾಪ್ ಆದರೆ ಬೇರೆ ಕೇಬಲ್ ಬೇಡದ ಅರ್ಧ ಎತ್ತರದ ಕಾರ್ಡ್ ಆರಿಸಿ. ಜಿಟಿಎಕ್ಸ್ 1650ರ ಕೆಲವು ಮಾದರಿಗಳು, 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿಯ ಕೆಲವು ಮಾದರಿಗಳು ಹೀಗಿವೆ. ಆದರೆ ಅದೇ 3050 ಹೆಸರಿನ 8 ಜಿಬಿ ಕಾರ್ಡಿಗೆ ಸುಮಾರು 130 ವ್ಯಾಟ್ ಬೇಕು. ಹೆಸರು ಒಂದೇ ಎಂದು ಮೋಸಹೋಗಬೇಡಿ. ಎರಡನೆಯ ದಾರಿ, ಮೊದಲೇ ದೊಡ್ಡ ವರ್ಕ್‌ಸ್ಟೇಷನ್ ಕೊಳ್ಳುವುದು. ಎಚ್‌ಪಿ ಝಡ್440ರಲ್ಲಿ 700 ವ್ಯಾಟ್ ಪವರ್ ಸಪ್ಲೈ ಇರುವ ಮಾದರಿಗಳಿವೆ. ಅದರಲ್ಲಿ ಪೂರ್ತಿ ಎತ್ತರದ ಕಾರ್ಡ್‌ಗೂ ಜಾಗವಿದೆ.

ವಿಂಡೋಸ್ ಲೆಕ್ಕ

ವಿಂಡೋಸ್ 10ರ ಸಾಮಾನ್ಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವುದು ಬಹುತೇಕ 8ನೇ ಅಥವಾ ನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ. ಮೇಲೆ ಹೇಳಿದ ಝಿಯಾನ್ ಇ5ಗಳು ಆ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಆದರೆ ವ್ಯಾಲೊರಂಟ್‌ನಂಥ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0 ಇಲ್ಲದಿದ್ದರೆ ನಡೆಯುವುದಿಲ್ಲ. ದೊಡ್ಡ ವರ್ಕ್‌ಸ್ಟೇಷನ್ ಅಗ್ಗಕ್ಕೆ ಸಿಗಲು ಇದೂ ಒಂದು ಕಾರಣ.

ಮೊದಲು ಆಟ, ಆಮೇಲೆ ಕಂಪ್ಯೂಟರ್

ಮಗುವಿಗೆ ಯಾವ ಆಟ ಬೇಕು ಎಂದು ಮೊದಲು ಕೇಳಿ. ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಅಷ್ಟೇ ಆದರೆ 8ನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಸಾಧಾರಣ ಸೆಟ್ಟಿಂಗ್‌ನಲ್ಲಿ ಆಡಬಹುದು. ಫೋನಿನಲ್ಲಿ ಆಡುವ ಬಿಜಿಎಂಐ ಬೇಕು ಎಂದರೆ ತಿಳಿದಿರಲಿ, ಅದಕ್ಕೆ ಅಧಿಕೃತ ಪಿಸಿ ಆವೃತ್ತಿ ಇಲ್ಲ. ರ‍್ಯಾಮ್ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಇರುವುದು ಮೇಲು. ಎಸ್‌ಎಸ್‌ಡಿಯಿಂದ ಆಟ ಬೇಗ ತೆರೆಯುತ್ತದೆ, ಆದರೆ ಆಟದೊಳಗಿನ ಚಿತ್ರದ ಓಟ ಹೆಚ್ಚುವುದಿಲ್ಲ.

ದುಡ್ಡು ಕೊಡುವ ಮುನ್ನ

• ಡಬ್ಬಿ ತೆರೆಸಿ, ಪವರ್ ಸಪ್ಲೈ ಮೇಲಿನ ವ್ಯಾಟ್ ಓದಿ. ಕಾರ್ಡಿಗೆ ಹೋಗುವ 6 ಅಥವಾ 8 ಪಿನ್ ಕೇಬಲ್ ಇದೆಯೇ ನೋಡಿ.
• ಸ್ಲಾಟಿನ ಎತ್ತರ, ಉದ್ದ ಅಳೆಯಿರಿ.
• ಬಯೋಸ್ ತೆರೆದು ತೋರಿಸಲು ಹೇಳಿ. ಹಳೇ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಮುಂದೆ ಪೇಚಾಟ.
• ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್, ರ‍್ಯಾಮ್ ಹೇಳಿದಂತೆಯೇ ಇದೆಯೇ ಪರೀಕ್ಷಿಸಿ.
• ಬಿಲ್, ವಾರಂಟಿ, ಅಸಲಿ ವಿಂಡೋಸ್ ಇದೆಯೇ ಕೇಳಿ.
• ಮನೆಗೆ ತಂದ ಮೇಲೆ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ.

ಮುಂದಿನ ಸಲ ಇಂಥ ಮೆಸೇಜ್ ಬಂದರೆ ಒಂದೇ ಪ್ರಶ್ನೆ ಕೇಳಿ: ಪವರ್ ಸಪ್ಲೈ ಎಷ್ಟು ವ್ಯಾಟ್? ಉತ್ತರ ಇಲ್ಲದಿದ್ದರೆ ಕೊಳ್ಳುವುದೂ ಬೇಡ, ಫಾರ್ವರ್ಡ್ ಮಾಡುವುದೂ ಬೇಡ.