ಪಾದದ ಹೊರ ಅಂಚಿನ ಲೆಕ್ಕ

ಮಕ್ಕಳೇ, ಬ್ಯಾಂಕಿನಲ್ಲಿದ್ದಾಗ ಎಷ್ಟೋ ಹೆಬ್ಬೆಟ್ಟಿನ ಗುರುತು ನೋಡಿದವನು ನಾನು. ಇವತ್ತು ಪಾದದ ಗುರುತು ನೋಡೋಣ. ಕಾಲು ತೊಳೆದು ಒಣ ನೆಲದ ಮೇಲೆ ಒಂದು ಹೆಜ್ಜೆ ಇಡಿ. ಹಿಮ್ಮಡಿ ಮೂಡುತ್ತದೆ, ಬೆರಳುಗಳು ಮೂಡುತ್ತವೆ. ಹೆಚ್ಚಿನವರಿಗೆ ಒಳಬದಿಯ ನಡುಭಾಗ ಖಾಲಿ ಉಳಿಯುತ್ತದೆ. ಹಿಂದು ಮುಂದನ್ನು ಸೇರಿಸುವುದು ಹೊರ ಅಂಚಿನ ಪಟ್ಟಿ ಮಾತ್ರ. ಗೋಕುಲಾಷ್ಟಮಿಯಲ್ಲಿ ಅಜ್ಜಿ ಮುಷ್ಟಿಯ ಕಿರುಬೆರಳ ಬದಿಯನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಕೃಷ್ಣನ ಪಾದ ಒತ್ತುತ್ತಾರಲ್ಲ, ಅದರ ಆಕಾರವೂ ಹೀಗೇ.

ಒಂದು ಪಾದದಲ್ಲಿ 26 ಮೂಳೆಗಳಿವೆ. ಒಳಬದಿಯ ಕಮಾನು ಎತ್ತರ. ಹೊರಬದಿಯದು ತಗ್ಗು, ಆದರೆ ಗಟ್ಟಿ. ನಡೆಯುವಾಗ ಸಾಮಾನ್ಯವಾಗಿ ಹಿಮ್ಮಡಿಯ ಹೊರಮೂಲೆ ಮೊದಲು ನೆಲ ಮುಟ್ಟುತ್ತದೆ. ಮೈಭಾರ ಹೊರ ಅಂಚಿನಲ್ಲೇ ಮುಂದೆ ಸಾಗಿ, ಕೊನೆಗೆ ಹೆಬ್ಬೆರಳಿನ ಕಡೆಗೆ ದಾಟುತ್ತದೆ. ಅಲ್ಲಿಂದ ನೆಲವನ್ನು ಹಿಂದಕ್ಕೆ ಒತ್ತಿದರೆ ಮುಂದಿನ ಹೆಜ್ಜೆ. ಚಪ್ಪಲಿ ಹಿಂದಿನ ಹೊರಮೂಲೆಯಲ್ಲಿ ಬೇಗ ಸವೆಯುವುದು ಅದಕ್ಕೇ.

ನಮ್ಮ ತಾಳಗುಂದದ ಗದ್ದೆ ಬದುವಿನ ಮೇಲೆ ನಡೆಯುವವರಿಗೆ ಕಣ್ಣು ಕಾಲಡಿಯಲ್ಲೇ ಇರುತ್ತದೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕದಂಬರ ಶಾಸನದ ಕಂಬ ನೋಡಲು ಬಂದವರು ಮಾತ್ರ ಕತ್ತೆತ್ತಿ ನಡೆಯುತ್ತಾರೆ! ತಗ್ಗಿನಲ್ಲಿ ಕಾಲಿಟ್ಟರೆ ಅಂಗಾಲು ಒಳಕ್ಕೆ ತಿರುಗಿ, ಭಾರವೆಲ್ಲ ಹೊರ ಅಂಚಿಗೆ ಬೀಳುತ್ತದೆ. ಆಗ ಕಾಲಿನ ಹೊರಬದಿಯ ಸ್ನಾಯುಗಳು ಪಾದವನ್ನು ಎಳೆದು ಹಿಡಿಯುತ್ತವೆ. ಅವುಗಳಲ್ಲಿ ಒಂದು ಅಂಟಿಕೊಂಡಿರುವುದು ಕಿರುಬೆರಳಿನ ಹಿಂದಿನ ಉದ್ದ ಮೂಳೆಯ ಬುಡಕ್ಕೆ. ಹೊರ ಅಂಚಿನ ನಡುವೆ ಬೆರಳಾಡಿಸಿ, ಗಂಟಿನಂತೆ ಸಿಗುತ್ತದೆ. ಎಳೆತ ಜೋರಾದರೆ ಅಲ್ಲಿ ಮೂಳೆ ಮುರಿಯಬಹುದು. 1902ರಲ್ಲಿ ಬ್ರಿಟನ್ನಿನ ಮೂಳೆ ವೈದ್ಯ ರಾಬರ್ಟ್ ಜೋನ್ಸ್ ಈ ಮೂಳೆಯ ಮುರಿತದ ಬಗ್ಗೆ ಬರೆದರು. ಕುಣಿಯುವಾಗ ಮುರಿದದ್ದು ಅವರದೇ ಕಾಲು!

ನಮ್ಮ ವಯಸ್ಸಿನವರಿಗೆ ಇದು ತಮಾಷೆಯಲ್ಲ. ಕಾಲು ಹೊರಳಿ ಬಿದ್ದರೆ ಸೊಂಟದ ಮೂಳೆಯೂ ಮುರಿಯಬಹುದು. "ಉಳುಕಿದೆ ಅಷ್ಟೆ, ಎಣ್ಣೆ ತಿಕ್ಕಿದರೆ ಹೋಗುತ್ತೆ" ಎನ್ನಬೇಡಿ. ಆ ಗಂಟನ್ನು ಒತ್ತಿದಾಗ ನೋವಾದರೆ, ಇಲ್ಲವೇ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ವೈದ್ಯರಿಗೆ ತೋರಿಸಿ, ಎಕ್ಸ್‌ರೇ ಬೇಕಾದೀತು.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಅಜ್ಜ-ಅಜ್ಜಿಯ ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಜೋಡಿಸಿ, ಹಿಂದಿನಿಂದ ನೋಡಿ. ಹೊರಮೂಲೆ ಸವೆದು ವಾಲಿದ್ದರೆ ಅದು ಪಾದವನ್ನೂ ಹಾಗೇ ವಾಲಿಸುತ್ತದೆ. ಹೊಸದು ಕೊಳ್ಳಲು ಹೇಳಿ. "ಇನ್ನೂ ಒಂದು ವರ್ಷ ಬರುತ್ತೆ ಮಗಾ" ಎಂದರೆ ಮಾತ್ರ ಒಪ್ಪಬೇಡಿ.